ಹಲ್ಲು ಬಂದ ಮೇಲಿನ ಸಿಳ್ಳೆ

ಕಾರಿಂದ ಇಳೀಬೇಡ, ಲವೆಲ್. ಬೆಲ್ಟ್ ಹಾಕ್ಕೊಂಡೇ ಕೂತಿರು, ಐದು ನಿಮಿಷ. ಚರ್ಚಿನೊಳಗೆ ಎಲ್ಲ ಕಾಯ್ತಿದ್ದಾರೆ, ಕಾಯಲಿ. ಪಾಸ್ಟರು ಪ್ರಾರ್ಥನೆ ಶುರು ಮಾಡಿದರೆ ಕರಿದ ಕೋಳಿ ತಣ್ಣಗಾಗೋತನಕ ಬಿಡಲ್ಲ...

ಯಾಕೆ ನಗ್ತೀಯ? ನನ್ನ ಹ್ಯಾಟ್ ನೋಡಿಯಾ? ನಗು ನಗು. ಈಗಲೇ ನಕ್ಕುಬಿಡು.

ನಮ್ಮ ರೆಕಾರ್ಡಿಗೆ ಐವತ್ತು ವರ್ಷ ಆಯ್ತು ಅಂತ ಕಂಪನಿಯವಳು ಹಳೇ ಟೇಪು ಹುಡುಕಿ ತಂದಿದ್ದಾಳಲ್ಲ, ಅವಳು ಬೆಳಿಗ್ಗೆ ಫೋನ್ ಮಾಡಿದ್ದಳು. ಇವತ್ತು ಒಳಗೆ ಆ ಟೇಪಿನ ವಾದ್ಯ ಎಲ್ಲ ನಿಲ್ಲಿಸಿ ಬರೀ ನಿನ್ನ ಧ್ವನಿ ಕೇಳಿಸ್ತಾಳಂತೆ. ಎರಡನೇ ಬದಿಯ ಆ ನಿಧಾನದ ಹಾಡು. ಡೆಟ್ರಾಯಿಟ್‌ನ ಅರ್ಧ ಜನ ಅದಕ್ಕೆ ಅತ್ತಿದ್ದಾರೆ, ಇನ್ನರ್ಧ ಅದಕ್ಕೇ ಮದುವೆ ಆಗಿದ್ದಾರೆ...

ಅದು ನಿನ್ನ ಧ್ವನಿ ಅಲ್ಲ ಕಣೋ. ನನ್ನದು.

ಕೇಳು.

ಗಿಲಕಿ, ಡೋಲು, ಪಿಟೀಲು, ನಮ್ಮ ಐದು ಜನ ಒಡಹುಟ್ಟಿದವರ ಗಂಟಲು, ಎಲ್ಲ ಸೇರಿದಾಗ ಯಾವುದು ಯಾರದು ಅಂತ ಅಮ್ಮನಿಗೂ ಗೊತ್ತಾಗಲಿಲ್ಲ. ಒಂದೇ ರಕ್ತ. ಆದರೆ ಒಂಟಿಯಾಗಿ ಕೇಳಿಸಿದರೆ? ಒಳಗಿರೋರೆಲ್ಲ ಐವತ್ತು ವರ್ಷದಿಂದ ಇದೇ ಚರ್ಚಲ್ಲಿ ನನ್ನ ಹಾಡು ಕೇಳ್ಕೊಂಡು ಬಂದೋರು. ಮೊದಲ ಸಾಲಿಗೇ ತಿರುಗಿ ನೋಡ್ತಾರೆ. ನಿನಗೆ ಹಾರ ಹಾಕಿ ಕೂರಿಸಿಟ್ಟು, ಎಲ್ಲರೂ ನನ್ನ ಕಡೆ. ಅದಕ್ಕೇ ಈಗ ಹೇಳ್ತಿದ್ದೀನಿ.

ರೆಕಾರ್ಡಿಂಗ್ ಇದ್ದ ಆ ಶುಕ್ರವಾರ ನೀನು ಸ್ಟುಡಿಯೋದಲ್ಲಿ ಹಾಡಿ ಹೋದೆ. ಮಾರನೇ ದಿನ ಸ್ಟುಡಿಯೋದ ಮಿಸ್ಟರ್ ಗ್ರೇಡಿ ಮನೆಗೆ ಫೋನ್ ಮಾಡಿದರು. ಹುಡುಗನ ಧ್ವನಿ ಒಡೀತಿದೆ, ಅರ್ನೆಟಾನ ಕಳಿಸಿ ಅಂದರು. ಅಪ್ಪ ಕಳಿಸಿದರು. ನನಗೇನು ಗೊತ್ತಿತ್ತು? ಹದಿನಾಲ್ಕು ವರ್ಷ. ಹೋದೆ, ಹಾಡಿದೆ. ನಿನ್ನ ಹಾಗೇ, ನಿನ್ನ ಸಿಳ್ಳೆ ಸಮೇತ. ಮುಂದಿನ ಹಲ್ಲು ಮುರ್ಕೊಂಡಿದ್ದೆಯಲ್ಲ, 'ಸ' ಅಂದಾಗೆಲ್ಲ ಸಣ್ಣಗೆ ಸಿಳ್ಳೆ ಹೊಡೀತಿತ್ತಲ್ಲ, ಅದನ್ನೂ ನಾಲಿಗೆ ಮಡಚಿ ಹಾಕಿದೆ. ಊರಿನ ಮಕ್ಕಳೆಲ್ಲ ಆಮೇಲೆ ಆ ಸಿಳ್ಳೆ...

ಯಾಕೆ ಹಲ್ಲು ಮುಟ್ಕೋತೀಯ?

ಓ... ಆ ಗುರುವಾರ. ಹೌದು. ರೆಕಾರ್ಡಿನ ಹೊದಿಕೆಗೆ ಫೋಟೋ ಬೇಕು ಅಂತ ಅಪ್ಪ ನಿನಗೆ ಗುರುವಾರವೇ ಹಲ್ಲು ಕಟ್ಟಿಸಿದ್ದರು. ಶುಕ್ರವಾರ ನೀನು ಹಾಡಿದಾಗ ಬಾಯಿ ತುಂಬ ಹಲ್ಲು... ಸಿಳ್ಳೆ ಎಲ್ಲಿಂದ ಬರಬೇಕು.

ನನಗೆ ಹೊಳೀಲೇ ಇಲ್ಲ. ನನ್ನ ತಮ್ಮನ ಹಾಡು ಅಂದರೆ ಸಿಳ್ಳೆ, ಅಷ್ಟೇ ಇತ್ತು ತಲೇಲಿ.

ಹಾಗಾದರೆ ಸಿಳ್ಳೆ ಕೇಳಿದಾಗಲೇ ಅದು ನಿನ್ನ ಹಾಡಲ್ಲ ಅಂತ ನಿನಗೆ ಗೊತ್ತಿತ್ತು. ರೇಡಿಯೋದಲ್ಲಿ ಮೊದಲ ಸಲ ಬಂದಾಗ ತಟ್ಟೆ ಬಿಟ್ಟು ಎದ್ದು ಹೋದೆ. ಹೊಟ್ಟೆನೋವು ಅಂದುಕೊಂಡ್ವಿ. ಆಮೇಲೆ ನೀನು ಚರ್ಚಲ್ಲೂ ಬಾಯಿ ಬಿಡಲಿಲ್ಲ, ನಮ್ಮ ಐದು ಜನರ ಗುಂಪೂ ಮುಳುಗಿತು. ಧ್ವನಿ ಒಡೀತು ಪಾಪ ಅಂದರು ಎಲ್ಲರೂ. ನೀನೂ ಅದನ್ನೇ ನಂಬಿದೆ, ಅಲ್ವಾ? ನಂದು ಚೆನ್ನಾಗಿರಲಿಲ್ಲ, ಅದಕ್ಕೇ ಅಕ್ಕನ್ನ ಕರೆಸಿದರು ಅಂತ. ನಲವತ್ತು ವರ್ಷ ಬಸ್ ರಿಪೇರಿ ಮಾಡ್ತಾ, ಒಂದು ಗುನುಗೂ ಇಲ್ಲ...

ಹಾಗೆ ನೋಡಬೇಡ. ಗ್ರೇಡಿ ಫೋನ್ ಮಾಡಿದ್ದು ನಿಜ. ಅಪ್ಪನೇ ಎತ್ತಿದ್ದು.

ಲವೆಲ್.

ಸರಿ. ಆಗ ನಮ್ಮನೇಲಿ ಫೋನೇ ಇರಲಿಲ್ಲ.

ಯಾರೂ ಕರೀಲಿಲ್ಲ. ನಾನೇ ಬಸ್ ಹತ್ತಿ ಹೋದೆ. ನೀನು ಹಾಡೋಕೆ ಶುರು ಮಾಡೋ ಮುಂಚೆ ಭಾನುವಾರ ಈ ಚರ್ಚಲ್ಲಿ ಎದ್ದು ನಿಂತು ಹಾಡ್ತಿದ್ದವಳು ನಾನು. ಬೀಸಣಿಗೆ ಬೀಸಿಕೊಂಡು ಅಳ್ತಿದ್ದ ಅಜ್ಜಿಯರು ನನಗೋಸ್ಕರ ಅಳ್ತಿದ್ದರು. ಆಮೇಲೆ ನಿನ್ನನ್ನ ಸೋಡಾ ಪೆಟ್ಟಿಗೆ ಮೇಲೆ ಹತ್ತಿಸಿದರು, ನನ್ನ ಕೈಗೆ ಗಿಲಕಿ ಕೊಟ್ಟು ಹಿಂದೆ ನಿಲ್ಲಿಸಿದರು. ಗ್ರೇಡಿಗೆ ಹೇಳಿದೆ: ರಾತ್ರಿಯಿಂದ ಅವನ ಧ್ವನಿ ಒಡೆದಿದೆ, ಅಪ್ಪ ಕಳಿಸಿದ್ದಾರೆ ಅಂತ. ಒಡೆದಿರಲಿಲ್ಲ. ನೀನು ಆಗ ಅಂಗಳದಲ್ಲಿ ಹಾಡ್ತಾ ಸೈಕಲ್ ತೊಳೀತಿದ್ದೆ.

ಅವರು ನಿನ್ನ ಶುಕ್ರವಾರದ್ದನ್ನ ಒಂದು ಸಲ ಹಾಕಿ ಕೇಳಿಸಿದರು. ಏನು ಹೇಳಲಿ... ಅಂಥದ್ದು ನಾನು ಈ ಜನ್ಮದಲ್ಲಿ ಹಾಡಿಲ್ಲ. ಗ್ರೇಡಿ ಕಣ್ಣು ಒರೆಸ್ಕೊಂಡರು. 'ಇದೇ ಇರಲಿ ಅಂತ ನನಗೆ. ಟೇಪಿನಲ್ಲಿ ಬೇರೆ ಜಾಗ ಇಲ್ಲ, ನೀನು ಹಾಡಿದರೆ ಇದು ಅಳಿಸಿ ಹೋಗುತ್ತೆ, ಮತ್ತೆ ಸಿಗಲ್ಲ. ಅಳಿಸಲಾ, ಮಗಳೇ?' ಅಂತ ಕೇಳಿದರು.

ಹೂಂ, ಅಳಿಸಿ ಅಂತ ನಾನೇ ಕಣೋ, ತಲೆ ಆಡಿಸಿದೆ.