ಕಾರಿಗೆ ಉಡಿ ತುಂಬಿದ್ದು

“ಹಲೋ… ಯಾರ್ರಿ ಮಾತಾಡೋದು?… ಕೊಟ್ರೇಶ ಇಲ್ಲೇನ್ರಿ?… ಹಾಂ, ಹಾನಗಲ್ಲ ಅಂಗಡಿಗೇ ಹಚ್ಚೇನ್ರಿ… ಉಣ್ಣಾಕತ್ತಾನ? ಉಣ್ಣಲಿ ಬಿಡ್ರಿ, ಎಡಗೈ ಖಾಲಿ ಐತಲ್ಲ, ಅದರಾಗ ಫೋನ್ ಕೊಡ್ರಿ.”

ದುಂಡಸಿಯ ಒಂದು ಮನೆಯಂಗಳದಲ್ಲಿ ನಡೆದ ಈ ಮಾತುಕತೆಯನ್ನು ಹೇಳಿದವರು ಗೇಟಿನಾಚೆ, ಕಾರಿಗೆ ಹತ್ತಿರವೇ, ಬಸ್ಸು ಕಾಯುತ್ತ ಕುಳಿತಿದ್ದ ಶಿವಬಸವ್ವ. ಮಾತನಾಡುತ್ತಿದ್ದವನು ತಿಳವಳ್ಳಿಯ ಮೈಲಾರಿ. ಆಚೆ ಬದಿಯಲ್ಲಿದ್ದವನು ಕಾರುಗಳ ವಿದ್ಯುತ್ ಕೆಲಸ ಮಾಡುವ ಅವನ ಗೆಳೆಯ ಕೊಟ್ರೇಶ. ಕೊಟ್ರೇಶನ ಮಾತು ಶಿವಬಸವ್ವನಿಗೆ ಕೇಳಿಸಲಿಲ್ಲ. ಕೇಳಿಸದ್ದನ್ನು ಇಲ್ಲಿ ಊಹಿಸಿ ಸೇರಿಸಿಲ್ಲ.

“ಕೊಟ್ರೇಶ, ನಾ ಮೈಲಾರಿ… ಹೌದಲೇ, ಅದ ಬಿಳಿ ಕಾರಿನಾಂವ. ಎಡಗಡೆ ಹಿಂದಿನ ಗ್ಲಾಸು ಅರ್ಧಾ ಇಳದು ಅಲ್ಲೇ ನಿಂತೈತಿ, ಮ್ಯಾಲ ಬರವಲ್ದು… ಇಲ್ಲೆ ದುಂಡಸ್ಯಾಗ, ತಂಗಿ ಮಾಲಾನ ಗಂಡನ ಮನ್ಯಾಗ… ನಿನ್ನ ಅಂಗಡೀಗೆ ತರಾಕ ಆಗಿದ್ರ ನಿನ್ನ ಊಟ ಯಾಕ ಕೆಡಸ್ತಿದ್ದೆ?”

“…ಕೇಳಿಲ್ಲಿ. ಸಣ್ಣಗ ಮಾತಾಡ್ತೇನಿ, ಅಕಿ ಅತ್ತಿ ವೀರವ್ವ ಕಟ್ಟಿ ಮ್ಯಾಲ ಕುಂತಾಳ. ಮಾಲಾನ್ನ ಹಡ್ಯಾಕ ಕರಕೊಂಡ ಹೋಗಾಕ ಬಂದೇವಿ, ನಾನು, ಅವ್ವ. ಇವತ್ತಿಗೆ ಏಳು ತಿಂಗಳ ಮುಗೀತು, ನಾಳಿಗೆ ಎಂಟರಾಗ ಬೀಳತೈತಿ. ಎಂಟರಾಗ ಯಾರೂ ಕಳಸಾಂಗಿಲ್ಲ, ಗೊತ್ತಲ್ಲ?… ಹಾಂ. ವೀರವ್ವ ಅಂತಾಳ, ರಸ್ತಾ ಎಲ್ಲಾ ಅಗದಾರ, ಧೂಳಿ ಕುಡದು ಸೊಸಿ ಕೆಮ್ಮಬೇಕೇನು, ಗ್ಲಾಸು ಏರಿದ್ರ ಕಳಸ್ತೇನಿ, ಇಲ್ಲಂದ್ರ ಇಲ್ಲೇ ಹಡೀಲಿ ಅಂತ… ಮಾಲಾ? ಚೀಲ ಹಿಡಕೊಂಡ ನಿಂತಾಳ. ಕಣ್ಣಾಗ ನೀರ ತಂದಾಳ.”

“…ಉಳದ ಮೂರಾ? ಏರತಾವ, ಇಳೀತಾವ, ಬೆಣ್ಣಿ ಸವರಿದಂಗ… ಹಂಗಾರ ಫ್ಯೂಜ್ ಅಲ್ಲ ಅಂತೀಯಾ?… ಗ್ಲಾಸು ಲಾಕ್ ಮಾಡೂ ಗುಂಡಿ? ಡ್ರೈವರ್ ಬಾಗಲದಾಗಿಂದಾ?… ಒತ್ತೇನಿ, ಬಿಟ್ಟೇನಿ, ಮತ್ತ ಒತ್ತೇನಿ. ಗುಡ್ಯಾಗಿನ ಗಂಟಿ ಸುದ್ದಾ ನಾ ಇಷ್ಟ ಸಲ ಬಾರಿಸಿಲ್ಲ… ಸಪ್ಪಳಾ? ಬರತೈತಿ. ಮೊದಲ ಗುಂಯ್ ಅಂತೈತಿ, ಆಮ್ಯಾಲ ಕಟರ್ ಕಟರ್… ಮೋಟಾರ ಜೀವಂತ ಐತಿ ಅಂದಂಗಾತು, ಅಲ್ಲೇನ?”

“…ಹಾಂ? ನಾ ಎರಡೂ ಅಂಗೈಲೆ ಗ್ಲಾಸು ಹಿಡದು ಮ್ಯಾಲ ಎಳಿಯೂದು, ಇನ್ನೊಬ್ಬರು ಗುಂಡಿ ಎತ್ತೂದು?… ತಾಳ, ಫೋನ್ ಹೆಗಲ ಮ್ಯಾಲ ಒತ್ತಿ ಹಿಡೀತೇನಿ… ಅವ್ವಾ, ಆ ಗುಂಡಿ ಎತ್ತಿ ಹಿಡಿ… ಅದಲ್ಲ, ಅದು ಹಾರನ್ನು!… ನಿನಗೂ ಕೇಳಿಸ್ತೇನ? ವೀರವ್ವ ಎಲಿ ಅಡಿಕಿ ನುಂಗೇ ಬಿಟ್ಲು… ಇಲ್ಲ, ಏರವಲ್ದು.”

“…ಬಾಗಲದೊಳಗ ಏನರ ಬಿದ್ದೈತಿ ಅಂತೀಯಾ? ಏನ ಬೀಳತೈತಿ ಮಾರಾಯ?… ನಿಂದರ, ಕೇಳ್ತೇನಿ. ಅವ್ವಾ, ಗ್ಲಾಸಿನ ಮಗ್ಗಲ ಈ ಸೀಳಿನಾಗ ಏನರ ಹಾಕೀಯೇನ?… ಹಾಂ?… ಏನಂದಿ?”

ಇಲ್ಲಿ ಮೈಲಾರಿ ಫೋನನ್ನು ಎದೆಗೊತ್ತಿಕೊಂಡು ತಾಯಿ ಅಡಿವೆವ್ವನ ಮಾತು ಕೇಳಿದನೆಂದೂ, ಅನಂತರ ಅವನ ದನಿ ಇಳಿಯಿತೆಂದೂ ಶಿವಬಸವ್ವ ನೆನೆಯುತ್ತಾರೆ.

“ಕೊಟ್ರೇಶ… ಅವ್ವ ಕಾರಿಗೆ ಉಡಿ ತುಂಬ್ಯಾಳ… ನಗಬ್ಯಾಡಲೇ, ಅನ್ನ ನೆತ್ತಿಗೇರೀತು… ಹೌದ, ಹೆಣ್ಮಕ್ಕಳು ಹೊಂಡೂ ಮುಂದ ಸೆರಗಿನಾಗ ತುಂಬತಾರಲ್ಲ, ಅದ ಉಡಿ. ಐದ ಬೊಗಸಿ ಅಕ್ಕಿ, ಅಡಿಕಿ, ಉತ್ತತ್ತಿ, ಅರಿಷಿಣ ಕೊಂಬು. ಮುಂಜಾನೆ ನಾ ಜಳಕಕ್ಕ ಹೋದಾಗ… ಯಾಕಂದ್ರ? ಗಾಡಿ ಮನಿಗೆ ಬಂದ ಲಕ್ಷ್ಮಿ, ಮೊದಲನೇ ಸಲ ಬೀಗರ ಊರಿಗೆ ಹೊಂಟೈತಿ, ಬರೇ ಉಡೀಲೆ ಹ್ಯಾಂಗ ಕಳಸೂದು ಅಂತ!… ಸೆರಗ ಎಲ್ಲೈತಿ ಅಂತ ನಾನೂ ಅದನ್ನ ಕೇಳಿದೆ. ಗ್ಲಾಸಿನ ಮಗ್ಗಲ ಸೀಳ ಇತ್ತು, ಸುರವಿದೆ, ಎಲ್ಲಾ ನುಂಗಿತು, ಹಸದಿತ್ತು ಕಾಣತೈತಿ ಪಾಪ ಅಂತಾಳ… ಕೊಬ್ಬರಿ ಬಟ್ಟಲಾ? ಅದು ಹಿಡೀಲಿಲ್ಲಂತ. ದೇವರ ದೊಡ್ಡಾಂವ.”

“…ಬಾಗಲದ ಒಳಗಿನ ಹಲಗಿ ಬಿಚ್ಚಬೇಕು. ಹಿಡಿಕಿ ಹಂತ್ಯಾಕ ಎರಡು ಸ್ಕ್ರೂ… ಐತಿ, ಸ್ಕ್ರೂ ಡ್ರೈವರ್ ಐತಿ… ತಾಳ, ವೀರವ್ವ ಎದ್ದ ಬಂದ್ಲು. ಏನ್ರಿ?… ಉಡಿ ಅಕ್ಕಿ ನೆಲಕ್ಕ ಬೀಳಬಾರದಾ? ಬಸರಿ ಮುಂದ ಕೆಟ್ಟಾ?… ಸೆರಗಿನಾಗ ಹಿಡೀಬೇಕಾ? ಯಾರ ಸೆರಗಿನಾಗ್ರಿ?… ಮಾಲಾ, ಬಾರವಾ, ನಿಮ್ಮತ್ತಿ ಸೆರಗ ಒಡ್ಡು ಅನ್ನಾಕತ್ತಾರ… ಕೊಟ್ರೇಶ, ನೀ ಕಲತ ರಿಪೇರ್ಯಾಗ ಇದಿತ್ತೇನಲೇ?”

“…ಒಂದ ಸ್ಕ್ರೂ ಬಂತು… ಇನ್ನೊಂದು ಬಂತು… ಕೆಳಗಿನ ಮೂಲಿ ಹಿಡದು ಸಾವಕಾಶ ಎಳೀಲಾ?… ಯವ್ವಾ! ಬಂತಲೇ, ಸುರ್ರ್ ಅಂತ! ಅಕ್ಕಿ, ಅಡಿಕಿ, ಎಲ್ಲಾ ಅಕಿ ಉಡ್ಯಾಗ! ಒಂದ ಕಾಳ ನೆಲಾ ಮುಟ್ಟಿಲ್ಲ.”

“…ಗ್ಲಾಸು ಇರಲಿ ತಾಳ, ಇಲ್ಲಿ ಬ್ಯಾರೇನ ನಡದೈತಿ. ಅವ್ವ ಏಕದಮ್ ಎದ್ದ ನಿಂತ್ಲು… ಏನ ಬೇ? ಉಡಿ ತುಂಬಿಸಿಕೊಂಡಾಕಿ ಹೊಳ್ಳಿ ಒಳಗ ಹೋಗಾಂಗಿಲ್ಲಾ?… ಹೌದಲ್ಲ! ತಡಿಯಾಂಗೂ ಇಲ್ಲ, ಹೊಂಡೂದ. ವೀರವ್ವಾರ, ಸೆರಗ ಒಡ್ಡು ಅಂದಾಕಿ ನೀವ ಅಲ್ಲೇನ್ರಿ?… ಮಾರಿ ನೋಡಬೇಕಿತ್ತಲೇ ನೀ! ಮಾಲಾ ಆಗಲೇ ಕಾರ ಹತ್ತಿ ಕುಂತ್ಲು. ಅಕ್ಕಿ ಅವಚಿಕೊಂಡ ನಗಾಕತ್ತಾಳ.”

“…ಗ್ಲಾಸಾ? ಇನ್ನೂ ಇಲ್ಲ. ಅರಿಷಿಣ ಕೊಂಬ ಒಂದು ಒಳಗ ಸಿಕ್ಕೊಂಡೈತಿ, ಕಾಣತೈತಿ… ಧೂಳಿಗೆ ವ್ಯವಸ್ಥಾ ಆತು ಬಿಡು. ವೀರವ್ವ ಆ ಕಡೆ ಬಾಗಲದಿಂದ ಹತ್ತಿ, ಸೊಸೀನ್ನ ದಾಟಿ ಬಂದು, ಈ ಕಿಡಕಿಗೆ ಬೆನ್ನ ಕೊಟ್ಟ ಕುಂತಾಳ. ತಾನ ಗ್ಲಾಸಂತ!… ಇಕ್ಕಳಾ? ಐತಿ. ಹಿಡದೆ… ತಿರುವೀದೆ… ಬಂತು! ಅವ್ವಾ, ಎತ್ತ ಗುಂಡಿ… ಏರಿತಲೇ! ಏರಿತು, ಪೂರಾ ಏರಿತು!”

“…ವೀರವ್ವಾರ, ಗ್ಲಾಸು ಏರಿತ್ರಿ. ಇನ್ನ ಇಳೀರಿ… ಹಾಂ?… ಇಳಿಯಾಂಗಿಲ್ಲಾ?… ಕೊಟ್ರೇಶ, ಹೊಳ್ಳಿ ಕೆಡಬಹುದು, ನಂಬಿಕಿ ಇಲ್ಲ ಅಂತಾಳ. ತಿಳವಳ್ಳೀಗೆ ಬಂದು ಕೂಸು ತೊಟ್ಟಿಲಕ್ಕ ಹಾಕೂಮಟಾ ಇರತಾಳಂತ!… ವೀರವ್ವನ ಗಂಡಾ? ಶಂಕ್ರಪ್ಪ ಮಾವ ಆಗಲೇ ಗೇಟ ತಗದ ನಿಂತಾನಲೇ, ಪುಣ್ಯಾತ್ಮ! ಹೋಗಿ ಬರ್ರಿ ಅಂತ ಕೈ ಬೀಸಾಕತ್ತಾನ.”

“…ಅವ್ವ ಹೇಳಿದ್ರ ಇಳದಾಳು ಅಂತೀಯಾ? ತಾಳ, ಅವ್ವಗ… ಅವ್ವಾ, ಏನ ಮಾಡಾಕತ್ತಿ? ಮಾಲಾನ ಉಡ್ಯಾಗಿನ ಅಕ್ಕಿ ಯಾಕ ತಗದಿ?… ಹೆಣ್ಮಗಳು ಬರೇ ಉಡೀಲೆ ಹೊಂಡಬಾರದಾ?… ಬ್ಯಾಡ ಬೇ! ವೀರವ್ವಾರ ಸೆರಗಿನಾಗ ಹಾಕಬ್ಯಾಡ, ಹಾಕಿದ್ಯಂದ್ರ ಅವರೂ ಹೊಳ್ಳಿ ಒಳಗ ಹೋಗಾಂಗಿಲ್ಲ, ಇಳಸಾಕ… ಹಲೋ… ಕೊಟ್ರೇಶ… ಹಾಕೇ ಬಿಟ್ಲಲೇ… ಹಲೋ… ಹಲೋ—”