ತೊಗರಿ ಆಳೆತ್ತರ ನಿಂತಾಗ

...ಅಯ್ಯ, ನನ್ನ ಮ್ಯಾಲ್ಯಾಕ ಸಿಟ್ಟು, ದಾವಲಸಾಬ ಕಾಕಾ! ಈ ದತ್ತಪ್ಪ ಏನ್ ಮಾಡ್ಯಾನ? ಕೂಡ್ರಿ ಮೊದಲ. ಹುಡೇದ, ಈ ಹಳೇ ಕಾವಲು ಬುರುಜಿನ ಮೆಟ್ಲ ಹತ್ತಿ ದಮ್ಮು ಹತ್ತೇದ ನಿಮಗ. ನೀರು ಕುಡೀರಿ... ಒಲ್ಲಿರಿ? ಬ್ಯಾಡ ಬಿಡ್ರಿ.

ನನಗೂ ಸಂಕಟ ಆಗೇದ್ರಿ. ನಿಮ್ಮ ಮುತ್ತ್ಯಾ ಒಂದು ದಂಡಿನಾಗ, ನಮ್ಮ ಮುತ್ತ್ಯಾ ಇನ್ನೊಂದು ದಂಡಿನಾಗ. ಹೊಡದಾಡಿ ಒಂದೇ ಹೊಲದಾಗ ಮಣ್ಣಾದ್ರು. ವರ್ಷಾ ತೊಗರಿ ರಾಶಿ ಆದಮ್ಯಾಲ ಎರಡೂ ಮನಿಯವ್ರು ಈ ಹುಡೇ ಹತ್ತಿ, ಲಡಾಯಿ ಹೊಲದಾಗಿನ ಅವರ ನೆನಪಿನ ಕಲ್ಲು ನೋಡೇ ಚೀಲ ಮನಿಗೆ ಒಯ್ಯೋದು. ಈ ವರ್ಷ ನೋಡಿದ್ರ... ಕಲ್ಲೇ ಕಾಣವಲ್ಲವು! ಅಡ್ಡ ಆ ಮೂರಂತಸ್ತಿನ ಮನಿ ಎದ್ದದ. ಯಾರೋ ಜೇವರ್ಗಿ ಕಡೆಯವರದಂತ. ಬಾಜೂಕ ಇನ್ನೂ ನಲವತ್ತು ಪ್ಲಾಟು ಬರ್ತಾವಂತ.

ಯಾಕ ನಗ್ತೀರಿ?

ಖರೇ ಹೇಳ್ತೇನಿ. ಹುಡೇ ಮ್ಯಾಲಿಂದ ಕಲ್ಲು ಕಾಣ್ತಿದ್ರ ಅಡ್ಡ ಕಟ್ಟಾಕ ಮಂಜೂರಿ ಸಿಗಂಗಿಲ್ಲ. ಅದಕ್ಕ ಹೋದ ವರ್ಷ ಲೇಔಟಿಗೆ ಮಂಜೂರಿ ಕೊಡೂಕಿಂತ ಮೊದಲ ತಹಸೀಲ ಕಚೇರಿ ಸಾಹೇಬ ಬಂದು ಇಲ್ಲೇ ನಿಂತು ನೋಡ್ಯಾನ. ತೊಗರಿ ಆಳೆತ್ತರ ನಿಂತಿತ್ತು, ಕಲ್ಲು ಮುಚ್ಚಿಹೋಗಿದ್ವು. ಏನೂ ಕಾಣಂಗಿಲ್ಲ ಅಂತ ಪಂಚನಾಮಾ ಬರದ. ಸುಳ್ಳೇನಲ್ಲ, ಅವತ್ತು ಕಾಣ್ತಿದ್ದಿಲ್ಲ! ...ಪಂಚರಾ? ಇಬ್ರು. ಒಬ್ಬ... ಒಬ್ಬ ನಾ. ಏನ್ ಮಾಡ್ಲಿ, ಅವತ್ತು ಊರಾಗ ನಾನೇ ಇದ್ದೆ!

ಇದೇನ್ರಿ ಕಾಗದ? ತಕರಾರು ಅರ್ಜಿ? ಮಿನಾಜ ಬರದಾಳಾ? ಚಂದ ಬರದಾಳ ನಿಮ್ಮ ಮೊಮ್ಮಗಳು... ಎರಡೂ ಮನಿಯವ್ರ ಸಹಿ ಹಾಕಿ ನಾಳೆ ಆಳಂದ ತಹಸೀಲ ಕಚೇರಿಗೆ ಕೊಟ್ರ ಕಟ್ಟೋದು ನಿಲ್ತದ, ಕಟ್ಟಿದ್ದೂ ಕೆಡವ್ತಾರ. ಹೌದ್ರಿ. ಮಾಡ್ತೇನಿ, ಮಾಡ್ತೇನಿ... ಪೆನ್ನೂ ತಂದೀರಿ? ಕೊಡ್ರಿ ಇತ್ತ. ನೀವು ಜರಾ ಅತ್ತಾಗ ನೋಡ್ರಿ.

ಕಾಕಾ, ಸಹಿಗಿಂತ ಮೊದಲ ಒಂದು ಮಾತು ಕೇಳ್ರಿ! ಆಮ್ಯಾಲ ಬೈರಿ!

ಲೇಔಟಿನ ಮಾಲಕಗ ನಾನೇ ಹೇಳೇನ್ರಿ. ತೊಗರಿ ನಿಂತಾಗೇ ಸಾಹೇಬನ್ನ ಕರ್ಕೊಂಡು ಬಾ, ಕೊಯ್ದಮ್ಯಾಲ ಕಲ್ಲು ಕಾಣ್ತಾವ ಅಂತ. ಹೊರಗಿನವಗ ಅದೆಲ್ಲಿ ತಿಳೀತದ? ನಾ ಹೇಳಿದಕ್ಕ ತಿಳೀತು. ಅದಕ್ಕ ರೋಡಿಗೆ ಹತ್ತಿದ ಪ್ಲಾಟು ಕೊಟ್ಟ.

ಆ ಮನಿ ನಮ್ಮ ಸಪ್ನಾಂದ್ರಿ. ನನ್ನ ಮಗಳದು. ನಮ್ಮ ಹಿರಿಯರಿಗೆ, ನಿಮ್ಮ ಹಿರಿಯರಿಗೆ ನಾನೇ ಅಡ್ಡ ಗ್ವಾಡಿ ಕಟ್ಟೇನಿ, ಥೂ ನನ್ನ ಜನ್ಮಕ್ಕ!

...ಯಾಕ್ರಿ ಕಾಕಾ, ಗಾಬರಿ ಆಗಲಿಲ್ಲ ನಿಮಗ? ಮೊದಲೇ ಗೊತ್ತಿತ್ತಾ?

ಗೊತ್ತಿದ್ದೂ... ನನ್ನ ಕೈಯಾಗೇ ಪೆನ್ನು ಕೊಟ್ರ್ಯಾ?