ಹಿಂದಿನ ಸೀಟಿನ ಮೂರನೆಯವ

ದ್ರಾಕ್ಷಿ ತೋಟ ನೋಡಲೆಂದು ಕಾಗವಾಡಕ್ಕೆ ಹೋದ ನಾವು, ಸಂಜೆ ಸುರಿದ ಮಳೆಗೆ ತಾತ್ಯಾಸಾಹೇಬ ಅಜ್ಜನ ಪಡಸಾಲೆಯಲ್ಲಿ ಸಿಕ್ಕಿಬಿದ್ದೆವು. ಕರೆಂಟು ಹೋಗಿತ್ತು. ಗೋಡೆಯ ಮೇಲೆ ಮೋಟಾರ್ ಕ್ಲಬ್ಬಿನ ಹಳೆಯ ಫೋಟೊಗಳು. "ನಿಮ್ಮ ರ‍್ಯಾಲಿ ಯಾಕ ನಿಂತಿತ್ರಿ?" ಎಂದು ಕೇಳಿದೆ. ಅಜ್ಜ ಕಂದೀಲು ಸಣ್ಣಗೆ ಮಾಡಿದರು.

"ಕೇಳ್ತೀರೇನ್ರಿ?... ಹಂಗಾರ ಹತ್ರ ಸರೀರಿ. ಪ್ರತಿ ಮಳಿಗಾಲದಾಗ ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಕುಡಚಿ ಹಿಡದು ಅಥಣಿತನಾ ನಮ್ಮ ರ‍್ಯಾಲಿ. ಗಾಡಿಗೆ ಇಬ್ಬರು, ಒಬ್ಬ ಹೊಡಿಯಾಂವ, ಒಬ್ಬ ಹಾದಿ ಹೇಳಾಂವ. ಎಲ್ಲಾರ ಹಿಂದ ನನ್ನ ಜೀಪು... ಕೆಟ್ಟು ನಿಂತವರನ್ನ ಹತ್ತಿಸ್ಕೊಂಡು ಬರೂದು ನನ್ನ ಕೆಲಸ. ನನ್ನ ಹಿಂದ ಯಾವ ಗಾಡೀನೂ ಇರೂದಿಲ್ಲ, ತಿಳೀತಲ್ಲ?

ಎಂಬತ್ತೆಂಟರಾಗ, ರಾಯಬಾಗ ದಾಟಿದ ಮ್ಯಾಲೆ, ಹಳ್ಳದ ದಂಡ್ಯಾಗ ರಾವಸಾಹೇಬನ ಫಿಯಾಟ್ ಕೆಟ್ಟು ನಿಂತಿತ್ತು. ಹಾಡಹಗಲ... ಆದ್ರ ಮಳಿ ಅಂದ್ರ ಮಳಿ, ಎರಡೂ ಕಡೆ ಆಳೆತ್ತರ ಕಬ್ಬು. ಮೂರು ಮಂದಿ ನಿಂತಿದ್ರು. ರಾವಸಾಹೇಬ, ಅವನ ಹೇಂತಿ ತಮ್ಮ ಮುರಗೆಪ್ಪ, ಮತ್ತ ಹೆಲ್ಮೆಟ್ ಹಾಕ್ಕೊಂಡ ಒಬ್ಬಾಂವ. ಮಾರಿ ಕಾಣಸಲಿಲ್ಲ. ಇನ್ಯಾವದೋ ಗಾಡಿಯಾಂವ ಅಂದ್ಕೊಂಡೆ. ಇವರಿಬ್ಬರೂ ನನ್ನ ಮಗ್ಗಲಕ್ಕ ಕುಂತ್ರು, ಅಂವ ಹಿಂದ ಹತ್ತಿದ.

ಅಥಣ್ಯಾಗ ಇಬ್ಬರೂ ಇಳದ್ರು. 'ನಿಮ್ಮ ಮೂರನೇದಾಂವನ್ನೂ ಇಳಸ್ರಿ' ಅಂದೆ. ಮುರಗೆಪ್ಪ ನನ್ನ ಮಾರಿ ನೋಡಿದ. 'ಯಾವ ಮೂರನೇದಾಂವೋ ಮಾರಾಯಾ? ನಾವಿಬ್ಬರ ಇದ್ವಿ.'

ತಿರುಗಿ ನೋಡ್ತೀನಿ... ಕುಂತಾನ! ಹೆಲ್ಮೆಟ್ಟಿನ ಒಳಗಿಂದ ರಾಡಿ ನೀರು ಸುರ್ಯಾಕತ್ತೈತಿ, ನಿಲ್ಲವಲ್ದು. 'ಇಳೀರಿ, ಅಥಣಿ ಬಂತು' ಅಂದೆ. ಅಂವ ಮೆಲ್ಲಕ ಅಂದ, 'ನನ್ನ ಗಾಡಿ ಹಿಂದ ಐತ್ರಿ. ಅದು ಬರೂತನಾ ಇಳ್ಯಾಂಗಿಲ್ಲ.'

ರಾವಸಾಹೇಬನ ಕಣ್ಣಿಗೆ ಬರೇ ಖಾಲಿ ಸೀಟು... ಆದ್ರ ಆ ದನಿ ಕೇಳಿತು. 'ಲಗಮಣ್ಣಾ!' ಅಂತ ಚೀರಿದ. ಅದು ಲಗಮಣ್ಣನ ದನಿ! ಅದರ ಹಿಂದಿನ ವರ್ಷ ರಾವಸಾಹೇಬಗ ಹಾದಿ ಹೇಳಾಕ ಕುಂತಾಂವ ಅವನ. ಅದ ಹಳ್ಳದಾಗ ಇವರ ಗಾಡಿ ಕೊಚ್ಚಿಕೊಂಡು ಹೋಗಿ, ರಾವಸಾಹೇಬ ಈಸಿ ದಂಡಿಗೆ ಬಿದ್ದ. ಲಗಮಣ್ಣನ ಹೆಣಾ ಸೈತ ಸಿಗಲಿಲ್ಲ.

ಅವತ್ತ ರಾವಸಾಹೇಬಗ ಜ್ವರ ಹಿಡೀತು. ಹಾಸಗ್ಯಾಗ ಮಲಕೊಂಡು, ಯಾರೋ ಹಾದಿ ಹೇಳಿದಂಗ ಎರಡೂ ಕೈಲೆ ಸ್ಟೇರಿಂಗ್ ತಿರುವತಿದ್ದ... ಹಂಗ ತಿರುವಕೋತ ತಿರುವಕೋತ ಜೀವಾ ಬಿಟ್ಟ. ಆಮ್ಯಾಲೆ ರ‍್ಯಾಲಿ ಯಾರು ಮಾಡ್ತಾರ್ರಿ?

ಜೀಪು ಯಾರೂ ಕೊಳ್ಳಲಿಲ್ಲ. ಅಗೋ, ಹಿತ್ತಲದ ಪತ್ರಾಸ ಶೆಡ್ಡಿನ್ಯಾಗ ನಿಂತೈತಿ. ಮುದುಕ ಸುಳ್ಳ ಹೇಳ್ತಾನ ಅಂತೀರೇನು?... ನಮ್ಮ ಸೊಸಿ ಅಕ್ಕುತಾಯಿ ಈ ಮನಿಗೆ ಹೊಸಬಳು, ಅಕಿಗೆ ಈ ಮಾತು ಯಾರೂ ಹೇಳಿಲ್ಲ. ಈಗ ನೀವು ಬರೂಕಿಂತ ಮೊದಲ ಕಟ್ಟಿಗಿ ತರಾಕ ಶೆಡ್ಡಿಗೆ ಹೋಗಿದ್ಲು. ಬಂದು ಏನ್ ಕೇಳಿದ್ಲು ಗೊತ್ತೇನ್ರಿ?...

'ಮಾವಾರ, ಜೀಪಿನ್ಯಾಗ ಕುಂತವರು ಭಾಳ ತೊಯ್ದಾರ. ಅವರಿಗೆ ಚಾ ಒಯ್ಯಲೇನ್ರಿ?'"